ಉಪ್ಪುನೀರು ಪಳಗುವ ತನಕ

ಎದೆನೋವು ಬಂದ ದಿನ ಡ್ರೈವರ್ ಮಾಡಿದ ಕೊನೆಯ ಕೆಲಸವೆಂದರೆ ತುಂಬಿದ ಬಸ್ಸನ್ನು ರಸ್ತೆಯ ಅಂಚಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದದ್ದು. ಆಮೇಲಿನದು ಅವನ ನೆನಪಿನಲ್ಲಿಲ್ಲ. ಅವನನ್ನು ಸೀಟಿನಿಂದ ಇಳಿಸಿ, ನೆಲದ ಮೇಲೆ ಮಲಗಿಸಿ, ಆಂಬುಲೆನ್ಸ್ ಬರುವ ತನಕ ಎದೆ ಒತ್ತುತ್ತಲೇ ಇದ್ದವಳು ಅದೇ ಬಸ್ಸಿನ ಕಂಡಕ್ಟರ್. ಗಟ್ಟಿಮುಟ್ಟಾದ ಹೆಂಗಸು. ಅವಳು ಒತ್ತಿದ ರಭಸಕ್ಕೆ ಪಕ್ಕೆಲುಬೊಂದು ಲಟಕ್ಕೆಂದಿತ್ತು, ಜೀವ ಮಾತ್ರ ಉಳಿದಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದವನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಹೆಂಡತಿ ಬೆಳಗಾಗುತ್ತಲೇ ಲಾಂಡ್ರಿಯ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಅವನು ಮತ್ತು ಅವಳ ತಾಯಿ. ಅತ್ತೆ-ಅಳಿಯನ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಏನಿದ್ದರೂ ಮಗಳ ಮೂಲಕವೇ ರವಾನೆ. ಅಂಥ ಮನೆಗೆ ಡಿಪೋದ ಗೆಳೆಯರು ದೊಡ್ಡದೊಂದು ಗಾಜಿನ ತೊಟ್ಟಿಯನ್ನು ಹೊತ್ತು ತಂದರು. ಡಿಪೋ ಎದುರಿನ ಮೀನಿನ ಅಂಗಡಿಯ ಮುಂದೆ ಚಹಾ ಲೋಟ ಹಿಡಿದು ಅವನು ಮೈಮರೆತು ನಿಲ್ಲುತ್ತಿದ್ದುದನ್ನು ಎಲ್ಲರೂ ನೋಡಿದ್ದರು.

ತೊಟ್ಟಿ ಜೋಡಿಸಲು ಅಂಗಡಿಯಾತನೇ ಬಂದ. ಶುದ್ಧ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಬಿಳಿ ಮರಳು ಹರಡಿ, ತೂತುತೂತಾದ ಒಣ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಪಂಪು ಹಚ್ಚಿದ. ಕೊನೆಗೆ ಒಂದು ಹಸಿ ಸಿಗಡಿಯನ್ನು ತೆಗೆದು ನೀರಿಗೆ ಬಿಟ್ಟ.

"ಅದು ಸತ್ತಿದೆಯಲ್ಲಪ್ಪಾ!" ಅತ್ತೆ ಅಡುಗೆಮನೆಯ ಬಾಗಿಲಿಂದ ಕೂಗಿದರು.

"ಕೊಳೀಲಿ ಅಂತಲೇ ಹಾಕಿದ್ದು ಅಮ್ಮಾ. ಕೊಳೆತ್ರೆ ಅಮೋನಿಯಾ ಅನ್ನೋ ವಿಷ ಹುಟ್ಟುತ್ತೆ. ಆ ವಿಷ ತಿನ್ನೋ ಸೂಕ್ಷ್ಮಜೀವಿಗಳು ನಿಧಾನಕ್ಕೆ ಈ ಕಲ್ಲಲ್ಲಿ, ಮರಳಲ್ಲಿ ಮನೆ ಮಾಡ್ತವೆ. ಅದಕ್ಕೂ ಮುಂಚೆ ಮೀನು ಬಿಟ್ರೆ, ತಾನು ಮಾಡಿದ ಗಲೀಜಿಗೇ ತಾನು ಸಾಯುತ್ತೆ."

"ಎಷ್ಟು ದಿನ ಬೇಕು?" ಡ್ರೈವರ್ ಕೇಳಿದ.

"ವಾರಗಳೇ ಹಿಡೀಬಹುದು. ದಿನಾ ಪರೀಕ್ಷೆ ಮಾಡಿ," ಎಂದು ಅಂಗಡಿಯಾತ ವಿಷ ಪತ್ತೆ ಹಚ್ಚುವ ಹನಿಗಳನ್ನೂ ಗಾಜಿನ ಕೊಳವೆಗಳನ್ನೂ ಕೊಟ್ಟು ಹೋದ.

ಬೆಳಗಿನ ಕೆಲಸ ಅದೇ ಆಯಿತು. ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಹನಿ ಬಿಟ್ಟು, ಬೆಳಕಿಗೆ ಎತ್ತಿ ನೋಡುವುದು. ಹಳದಿಯಾದರೆ ಒಳ್ಳೆಯದು. ಆದರೆ ಹಸಿರು ದಿನದಿನಕ್ಕೆ ಗಾಢವಾಗುತ್ತಿತ್ತು. ಸಿಗಡಿಯ ನಾತ ನಡುಮನೆಯನ್ನೆಲ್ಲ ತುಂಬಿತು. ಅತ್ತೆ ಮೂಗು ಮುಚ್ಚಿಕೊಂಡೇ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದರು.

"ಏನಂತೆ ಇವತ್ತು, ಅಳಿಯಂದಿರೇ?"

"ಹಸಿರೇ ಅತ್ತೆ."

"ಬಣ್ಣ ಚೆನ್ನಾಗಿದೆ ಬಿಡಿ. ಕಿಟಕಿ ಪರದೆಗಾದ್ರೆ ಒಪ್ತಿತ್ತು."

ಹೀಗೆ ಅವರಿಬ್ಬರ ಮಾತು ಶುರುವಾಯಿತು. ಒಂದು ವಿಷಯವನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವನು ಯಾವ ವಾಹನವನ್ನೂ ಹತ್ತಿರಲಿಲ್ಲ. ತಪಾಸಣೆಗೂ ನಡೆದೇ ಹೋಗುತ್ತಿದ್ದ. ಕೇಳಿದರೆ, ವ್ಯಾಯಾಮ ಅನ್ನುತ್ತಿದ್ದ. ಬೀದಿಯಲ್ಲಿ ಬಸ್ಸಿನ ಸದ್ದಾದರೆ ಅವನ ಅಂಗೈ ಬೆವರುತ್ತಿದ್ದುದು ಅತ್ತೆಯ ಕಣ್ಣಿಗೆ ಬಿದ್ದಿತ್ತು.

ಒಂದು ಮಧ್ಯಾಹ್ನ ಕಂಡಕ್ಟರ್ ಮನೆಗೆ ಬಂದಳು. ಅವಳ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಒಳಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು.

"ತಗೊಳ್ಳಿ. ಖಾಲಿ ತೊಟ್ಟಿ ನೋಡ್ಕೊಂಡು ಕೂತಿದ್ದಾರೆ ಅಂತ ಡಿಪೋದಲ್ಲೆಲ್ಲ ಅದೇ ಮಾತು. ಮಾರ್ಕೆಟ್ಟಲ್ಲಿ ಕಂಡ್ವು, ತಂದೆ."

ಎದೆನೋವಿನ ದಿನದ ನಂತರ ಅವನು ಅವಳನ್ನು ಎದುರುಬದುರು ಕಂಡದ್ದು ಇದೇ ಮೊದಲು. ಹೇಳಬೇಕಾದ ಮಾತಿನ ಬದಲು ಅವನು ಕುರ್ಚಿ ಸರಿಸಿಕೊಟ್ಟ. ಬೆಳಗಿನ ಕೊಳವೆ ಇನ್ನೂ ಕಡುಹಸಿರಾಗಿ ಮೇಜಿನ ಮೇಲಿತ್ತು. ಜೀವ ಉಳಿಸಿದವಳಿಗೆ ಬೇಡ ಅನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಬಿದ್ದು ಅವನು ಚೀಲ ತೆಗೆದುಕೊಂಡು ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ.

ಅತ್ತೆ ಅಡ್ಡ ಬಂದು ನಿಂತರು. "ತಾಯಿ, ನಮ್ಮನೆ ದೀಪ ಉಳಿಸಿದವರು ನೀವು. ನೀವು ತಂದ ಜೀವ ನಮ್ಮ ಮನೇಲಿ ಸಾಯಬಾರದು. ಆ ನೀರು ಇನ್ನೂ ವಿಷ."

ಕಂಡಕ್ಟರಳ ಮುಖ ಸಪ್ಪಗಾಯಿತು. "ಅಯ್ಯೋ, ಮಾರೋನು ಒಂದು ಮಾತೂ ಹೇಳ್ಲಿಲ್ವಲ್ಲ! ಈಗೇನು ಮಾಡೋದು?"

"ಡಿಪೋ ಎದುರಿನ ಅಂಗಡೀಲಿ ಇಟ್ಕೋತಾನೆ," ಎಂದ ಡ್ರೈವರ್. "ಬೇಗ ಹೋಗ್ಬೇಕು. ಚೀಲದಲ್ಲಿ ಗಾಳಿ ಕಮ್ಮಿ."

"ಹಾಗಿದ್ರೆ ಓಡಿ, ಬಸ್ಸು ಬರೋ ಹೊತ್ತು!" ಎಂದಳು ಕಂಡಕ್ಟರ್.

ಮೂವರೂ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡುನಡಿಗೆಯಲ್ಲಿ ಹೊರಟರು. ಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡ. ಅತ್ತೆ ಬಿಸಿಲು ತಾಗದಂತೆ ಶಾಲು ಹೊದಿಸಿದರು. ತಿರುವಿನಲ್ಲಿ ಬಸ್ಸು ಜಗ್ಗಿದಾಗ ಅವನು ತಡೆಯಲಾರದೆ ಕೂಗಿದ: "ಬ್ರೇಕು ಮೆಲ್ಲಗೆ ಒತ್ತಪ್ಪಾ, ಮೀನಿದೆ!" ಅತ್ತೆ ಅವನ ಮುಖ ನೋಡಿದರು.

ಅಂಗಡಿಯಾತ ಬೈಯಲಿಲ್ಲ. ತನ್ನ ಹಳೆಯ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸಿ, ಮೀನುಗಳನ್ನು ಅದರೊಳಗೆ ಬಿಟ್ಟ. "ನಿಮ್ಮ ನೀರು ಪಳಗೋ ತನಕ ಇಲ್ಲೇ ಇರ್ಲಿ," ಎಂದ.

ಹೊರಗೆ ಬಂದ ಡ್ರೈವರ್ ಡಿಪೋದ ಬಸ್ಸುಗಳನ್ನು ನೋಡಿ ಗಕ್ಕನೆ ನಿಂತ. "ಅತ್ತೆ, ನಾನು ಬಸ್ಸಲ್ಲಿ ಬಂದೆನಾ?"

"ಮತ್ತೆ ಹಾರ್ಕೊಂಡು ಬಂದ್ರಾ?"

ಅವನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಡಿಪೋದ ಕಾಂಪೌಂಡಿಗೆ ಒರಗಿ ಕಣ್ಣೊರೆಸಿಕೊಂಡು ಕಂಡಕ್ಟರಳ ಕಡೆ ತಿರುಗಿದ. "ಅವತ್ತು ನೀವು ಕೈ ಬಿಟ್ಟಿದ್ರೆ ನಾನಿರ್ತಿರ್ಲಿಲ್ಲ. ಇಷ್ಟು ದಿನ ಇದನ್ನ ಹೇಳೋಕೇ ಬಾಯಿ ಬರ್ಲಿಲ್ಲ. ನಿಮ್ಮ ಉಪಕಾರ ದೊಡ್ಡದು."

"ಕೈ ಸೋತೇ ಹೋಗಿತ್ತು ಕಣ್ರೀ," ಎಂದಳು ಅವಳು. "ಹಿಂದಿನ ಸೀಟಿನ ಅಜ್ಜಿಯೊಬ್ರು, ಬಿಡ್ಬೇಡ ಮಗಾ, ಬಿಡ್ಬೇಡ ಅಂತಾನೇ ಇದ್ರು. ಪಕ್ಕೆಲುಬು ಮುರಿದಿದ್ದಕ್ಕೆ ಮಾತ್ರ ಬೇಜಾರು ಮಾಡ್ಕೋಬೇಡಿ."

"ಇನ್ನೂ ಬೇಕಾದಷ್ಟಿವೆ ಬಿಡಿ."

ವಾಪಸ್ ಬರುವಾಗಲೂ ಬಸ್ಸಿನಲ್ಲೇ ಬಂದರು. "ನೀವು ಅಡ್ಡ ಬರದೇ ಇದ್ದಿದ್ರೆ ಮೀನು ಬಿಟ್ಟೇಬಿಡ್ತಿದ್ದೆ," ಎಂದು ಅವನು ಅತ್ತೆಗೆ ನೇರವಾಗಿಯೇ ಹೇಳಿದ. ಅತ್ತೆ ಕಿಟಕಿಯ ಹೊರಗೆ ನೋಡುತ್ತ, "ಮಗಳಿಗೆ ಹೇಳಿ, ಅವಳು ನನಗೆ ಹೇಳ್ತಾಳೆ," ಎಂದು ನಕ್ಕರು.

ದಿನಗಳು ಉರುಳಿದವು. ಹಸಿರು ತಿಳಿಯಾಗುತ್ತ ಹಳದಿಗೆ ಬಂತು. ಅಷ್ಟರಲ್ಲಿ ನೈಟ್ರೈಟ್ ಎಂಬ ಎರಡನೆಯ ವಿಷ ತಲೆ ಎತ್ತಿ ಇನ್ನೊಂದು ಕೊಳವೆಯನ್ನು ನೇರಳೆಯಾಗಿಸಿತು, ಅದೂ ಇಳಿಯಿತು. ಆಮೇಲೆ ಕಲ್ಲು, ಮರಳು, ಗಾಜಿನ ಮೇಲೆಲ್ಲ ಕಂದು ಲೋಳೆ ಹಬ್ಬಿತು. ಅತ್ತೆ ಪಾತ್ರೆಯುಜ್ಜುವ ಬ್ರಷ್ ಹಿಡಿದು ಬಂದರು.

"ಬೇಡ ಅತ್ತೆ, ಹೊಸ ತೊಟ್ಟಿಗೆ ಹೀಗೆ ಆಗೇ ಆಗುತ್ತಂತೆ. ತಾನಾಗಿ ಹೋಗುತ್ತೆ." ಆತುರದ ಮನುಷ್ಯನೆಂದು ಡಿಪೋದಲ್ಲೆಲ್ಲ ಹೆಸರಾದವನ ಬಾಯಿಂದ ಈ ಮಾತು ಕೇಳಿ ಹೆಂಡತಿ ಊಟದ ತಟ್ಟೆ ಹಿಡಿದು ನಿಂತೇಬಿಟ್ಟಳು. ಅಂಗಡಿಯಾತ ಕೊಟ್ಟ ಬಸವನಹುಳುಗಳು ಗಾಜಿಗೆ ಅಂಟಿಕೊಂಡು ಲೋಳೆ ಮೇಯುತ್ತ ಹಾದಿ ಕೊರೆದವು.

ಎರಡು ಕೊಳವೆಗಳೂ ದಿನದ ಮೇಲೆ ದಿನ ವಿಷವಿಲ್ಲವೆಂದೇ ತೋರಿಸಿದ ಮೇಲೆ, ರಜೆಯ ದಿನ ನೋಡಿ ಕಂಡಕ್ಟರಳೇ ಅಂಗಡಿಯಿಂದ ಆ ಮೀನುಗಳನ್ನು ತಂದಳು. ಈ ಸಲ ಅವಳ ಗಂಡನೂ ಬಂದಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರಲು ಡ್ರೈವರ್ ಅವನ್ನು ನಿಧಾನವಾಗಿ ಒಗ್ಗಿಸಿ ನೀರಿಗೆ ಬಿಟ್ಟ. ಒಂದು ಕಲ್ಲಿನ ಸಂದಿಗೆ ಓಡಿತು. ಇನ್ನೊಂದು, ದೊಡ್ಡದು, ತೊಟ್ಟಿಯ ಉದ್ದಗಲ ಸುತ್ತಿ ಬಂದು ಗಾಜಿನ ಬಳಿ ನಿಂತು ಎಲ್ಲರನ್ನೂ ದಿಟ್ಟಿಸಿತು.

"ಆ ದೊಡ್ಡದು ಗಂಡಲ್ವಾ?" ಅತ್ತೆ ಕೇಳಿದರು.

"ಅಲ್ಲ ಅತ್ತೆ, ಹೆಣ್ಣು. ಈ ಜಾತೀಲಿ ಹೆಣ್ಣಿನದೇ ಯಜಮಾನಿಕೆ."

"ಹೆಣ್ಣೇ ಯಜಮಾನಿ ಅಂದ್ಮೇಲೆ ನೀರು ನಿಜವಾಗ್ಲೂ ಪಳಗಿದೆ ಬಿಡಿ," ಎಂದು ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.