ಘೋಡಾಮಾಳದ ಬಂಡೆಯ ಮೇಲಿನ ಬರಹ

ಭಾನುವಾರ ಬೆಳಿಗ್ಗೆ ಸೂರತ್ತಿನ ಅಡಾಜಣ್ ಬಡಾವಣೆಯ ಐದನೆಯ ಮಹಡಿಯ ಮನೆಯಲ್ಲಿ ಸತ್ಯಪ್ರಕಾಶರು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅಡಿಗೆಮನೆಯ ಸಣ್ಣಪುಟ್ಟ ಕೆಲಸಗಳು ಅವರ ಪಾಲಿಗೆ ಬಂದಿದ್ದವು. ಒಳಗೆ ಹೆಂಡತಿ ಶಾಂತಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಹಿಂದಿನ ದಿನವಷ್ಟೇ ವಡೋದರಾದಿಂದ ಬಂದಿದ್ದ ಮಗಳು ಮೇದಿನಿ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಲ್ಯಾಪ್‌ಟಾಪ್ ನೋಡುತ್ತಿದ್ದಳು.

ಮೇದಿನಿ ಪ್ರಾಚೀನ ಬಂಡೆಚಿತ್ರಗಳನ್ನು ದಾಖಲಿಸುವ ತಂಡವೊಂದರಲ್ಲಿದ್ದಳು. ವಡೋದರಾದ ಪೂರ್ವಕ್ಕಿರುವ ಅಭಯಾರಣ್ಯದ ಗುಡ್ಡಗಳನ್ನು ಹತ್ತಿ, ಚಿತ್ರವಿರುವ ಪ್ರತಿ ಬಂಡೆಯನ್ನೂ ನಕ್ಷೆಯಲ್ಲಿ ಗುರುತಿಸಿ, ಅಳೆದು, ಫೋಟೋ ತೆಗೆದು, ಎಷ್ಟು ಉಳಿದಿದೆ, ಎಷ್ಟು ಹಾಳಾಗಿದೆ ಎಂದು ಬರೆದಿಡುವುದು ಅವಳ ಕೆಲಸ.

“ಅಪ್ಪಾ, ಸ್ವಲ್ಪ ಇಲ್ಲಿ ನೋಡಿ. ಇದು ಕನ್ನಡಾನಾ?”

ತೆರೆಯ ಮೇಲೆ ಕೆಂಪು ಬಣ್ಣದ ಒಂದು ಎತ್ತು. ಅದರ ಹಿಂದೆ ಕೈ ಕೈ ಹಿಡಿದು ನಿಂತ ಕಡ್ಡಿಯಂಥ ಮನುಷ್ಯರು. ಎತ್ತಿನ ಕೊರಳಿನಿಂದ ಹೊಟ್ಟೆಯವರೆಗೆ ಯಾರೋ ಚೂಪಾದ ಕಲ್ಲಿನಿಂದ ಏನನ್ನೋ ಕೊರೆದಿದ್ದರು.

“ಫೋನಿನ ಆ್ಯಪ್‌ಗೂ ಓದಕ್ಕೆ ಬರ್ಲಿಲ್ಲ. ರೌಂಡ್ ರೌಂಡ್ ಇದೆ, ಸೌತ್‌ದೇ ಇರ್ಬೇಕು ಅನ್ನಿಸ್ತು,” ಎಂದಳು ಮೇದಿನಿ. ಅವಳು ಹುಟ್ಟಿದ್ದು, ಓದಿದ್ದು ಎಲ್ಲ ಗುಜರಾತಿನಲ್ಲೇ. ಮನೆಯಲ್ಲಿ ಕನ್ನಡ ಆಡುತ್ತಿದ್ದಳೇ ಹೊರತು ಅಕ್ಷರ ಕಲಿತಿರಲಿಲ್ಲ.

ಸತ್ಯಪ್ರಕಾಶರು ಕನ್ನಡಕ ಹಾಕಿಕೊಂಡು ಬಾಗಿದರು. ‘ಸ. ಪ್ರ. – ಶಾಂತಾ. ೧೯೯೩.’ ತಮ್ಮ ಕೈಬರಹ ಯಾರಿಗೆ ಮರೆಯುತ್ತದೆ? ಅವರ ಕಿವಿ ಬಿಸಿಯಾಯಿತು.

“ಸವೆದು ಹೋಗಿದೆಯಮ್ಮ. ತೆಲುಗು ಇರಬಹುದು,” ಎಂದರು.

“ಛೆ! ನೀವಾದ್ರೂ ಓದ್ತೀರ ಅಂದ್ಕೊಂಡಿದ್ದೆ. ಇದನ್ನ ಊರವರ ಮೇಲೆ ಹಾಕ್ತಿದಾರೆ ಅಪ್ಪಾ. ದನ ಮೇಯಿಸೋರು ಗೀಚಿದ್ದು, ಇದು ಅಕ್ಷರಾನೇ ಅಲ್ಲ ಅಂತಾರೆ ಫಾರೆಸ್ಟರ್ ಮಹೇಶ್‌ಭಾಯ್. ಸುತ್ತ ಬೇಲಿ ಹಾಕಿ ಊರಿನ ಕಡೆ ದಾರಿ ಮುಚ್ಚಿಬಿಡೋಣ ಅಂತ ರಿಪೋರ್ಟ್ ಬರೀತಿದಾರೆ. ಅವರೇನು ಕೆಟ್ಟವರಲ್ಲ. ಹದಿನಾಲ್ಕು ಗುಡ್ಡಕ್ಕೆ ಒಬ್ಬನೇ ಗಾರ್ಡ್, ಇನ್ನೇನು ಮಾಡ್ಲಿ ಅಂತಾರೆ. ಆದ್ರೆ ಊರವರು ದೇವರಿಗೆ ಹೋಗೋದೂ ಅದೇ ದಾರೀಲಿ.”

ಮೇದಿನಿ ಸ್ನಾನಕ್ಕೆ ಎದ್ದು ಹೋದಳು. ಮಾತೆಲ್ಲ ಒಳಗಿನಿಂದಲೇ ಕೇಳಿಸಿಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಶಾಂತಾ ತೆರೆಯ ಕಡೆ ನೋಡಿ ಅಲ್ಲಿಯೇ ನಿಂತರು.

“ರೀ, ಇದು ನೀವು ಬರೆದದ್ದಲ್ವಾ?”

“ಮೆಲ್ಲಗೆ ಮಾತಾಡು.”

ಅವರು ವರ್ಗವಾಗಿ ವಡೋದರಾಕ್ಕೆ ಬಂದ ವರ್ಷ ಅದು. ಹೊಸದಾಗಿ ಮದುವೆಯಾಗಿತ್ತು. ಕನ್ನಡದ ಇನ್ನೆರಡು ಸಂಸಾರಗಳ ಜೊತೆ ಜೀಪಿನಲ್ಲಿ ಜಲಪಾತ ನೋಡಲು ಹೋದವರು ಪಕ್ಕದ ಗುಡ್ಡ ಹತ್ತಿದ್ದರು. ಬಂಡೆಯ ಮೇಲಿನ ಕೆಂಪು ಗೆರೆಗಳನ್ನು ನೋಡಿ, ಯಾರೋ ಮಕ್ಕಳು ಗೀಚಿದ್ದು ಎಂದು ನಕ್ಕಿದ್ದರು. ಹೆಂಡತಿ ನೋಡಲಿ ಎಂದು ಸತ್ಯಪ್ರಕಾಶರು ಅರ್ಧ ಗಂಟೆ ಬೆವರು ಸುರಿಸಿ ಹೆಸರು ಕೊರೆದಿದ್ದರು.

“ಆಗ ಬೋರ್ಡಿರಲಿಲ್ಲ, ಬೇಲಿ ಇರಲಿಲ್ಲ. ಎಲ್ಲರೂ ಬರೀತಿದ್ರು. ಮೂವತ್ತು ವರ್ಷದ ಹಿಂದಿನ ಮಾತು. ಈಗ ಹೇಳಿದ್ರೆ ಅವಳ ತಂಡದವರ ಮುಂದೆ ಅವಳಿಗೇ ಅವಮಾನ,” ಎಂದರು ಸತ್ಯಪ್ರಕಾಶರು.

“ಅವಮಾನ ನಂಗೂ ಆಗುತ್ತೆ. ಅವತ್ತು ನಾನೇನು ಬೇಡ ಅಂದೆನಾ? ಒಳಗೊಳಗೇ ಹಿಗ್ಗಿದ್ದೆ. ಆದ್ರೆ ನಮ್ಮ ಹೆಸರಿಂದಾಗಿ ಇನ್ಯಾರದೋ ದಾರಿ ಮುಚ್ತಾರಂತಲ್ಲ, ಅದು ಹೆಂಗೆ ಸರಿ? ನೀವು ಹೇಳ್ತೀರೋ, ನಾನು ಹೇಳ್ಲೋ?”

ಸತ್ಯಪ್ರಕಾಶರೇ ಹೇಳಿದರು. ಮೇದಿನಿ ತಲೆ ಒರೆಸಿಕೊಳ್ಳುತ್ತ ಬಂದು ಕುಳಿತು ಎರಡು ತುತ್ತು ತಿಂದ ಮೇಲೆ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು. ಅವಳ ಕೈ ನಿಂತಿತು.

“ಆಗ ನಿಮಗೆ ಗೊತ್ತಿರಲಿಲ್ಲ, ಸರಿ,” ಎಂದಳು. “ಈಗ ಗೊತ್ತಿದ್ದೂ ತೆಲುಗು ಅಂದ್ರಲ್ಲ ಅಪ್ಪಾ.”

“ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು,” ಎಂದರು ಸತ್ಯಪ್ರಕಾಶರು.

ಮುಂದಿನ ಶನಿವಾರ ಮೂವರೂ ರೈಲಿನಲ್ಲಿ ವಡೋದರಾಕ್ಕೆ ಹೋಗಿ, ಅಲ್ಲಿಂದ ತಂಡದ ಜೀಪಿನಲ್ಲಿ ಘೋಡಾಮಾಳ ಗುಡ್ಡದ ಬುಡ ತಲುಪಿದರು. ಮಹುವಾ ಎನ್ನುವ ಹಿಪ್ಪೆಹೂ ಉದುರುವ ಕಾಲ. ಊರಿನ ಹೆಂಗಸರು ಮರಗಳ ಕೆಳಗೆ ಹೂ ಆರಿಸುತ್ತಿದ್ದರು. ಮಹೇಶ್‌ಭಾಯ್ ಫೈಲು ಹಿಡಿದು ಕಾಯುತ್ತಿದ್ದರು. ಜೊತೆಗೆ, ತಂಡಕ್ಕೆ ಮೊದಲ ದಿನದಿಂದ ದಾರಿ ತೋರಿಸುತ್ತಿದ್ದ ಕಮಳಿಬೆನ್ ರಾಠವಾ ಇದ್ದರು. ವಯಸ್ಸಿನಲ್ಲಿ ಸತ್ಯಪ್ರಕಾಶರಿಗೆ ಸಮಾನರಾದರೂ ಅವರು ಬರಿಗಾಲಲ್ಲಿ ಎಲ್ಲರಿಗಿಂತ ಮುಂದೆ ಹತ್ತಿದರು. ಸತ್ಯಪ್ರಕಾಶರು ಮಂಡಿ ಹಿಡಿದುಕೊಂಡು ನಾಲ್ಕು ಕಡೆ ಕುಳಿತು ಎದ್ದರು.

ತೆರೆಯ ಮೇಲೆ ಅಂಗೈಯಷ್ಟಿದ್ದ ಎತ್ತು ಇಲ್ಲಿ, ಗುಹೆಯಂತೆ ಒಳಸರಿದ ಬಂಡೆಯ ಗೋಡೆಯ ಮೇಲೆ, ತೋಳಿನಷ್ಟು ಉದ್ದವಿತ್ತು. ಸಾವಿರಾರು ಬೇಸಿಗೆ, ಸಾವಿರಾರು ಮಳೆಗಾಲ ದಾಟಿ ಬಂದ ಬಣ್ಣ. ತಾವು ಕೊರೆದ ಕಡೆ ಮಾತ್ರ ಬರೀ ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಅವರು ಬೂಟು ಬಿಚ್ಚಿ ಹೊರಗಿಟ್ಟು ಹತ್ತಿರ ಹೋದರು.

“ಭಾಯ್, ಇದನ್ನು ಬರೆದವನು ನಾನು,” ಎಂದರು ಗುಜರಾತಿಯಲ್ಲಿ.

ಮಹೇಶ್‌ಭಾಯ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಅಂಕಲ್, ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.”

“ಊರವರು ಬರೆದದ್ದು ಎಂದೇ ಉಳಿಯುತ್ತಿತ್ತು. ನನ್ನ ಹೆಸರು, ವಿಳಾಸ ಎಲ್ಲ ಬರೆದು ಸಹಿ ಹಾಕಿಕೊಡುತ್ತೇನೆ. ಕಾನೂನಿನಲ್ಲಿ ಏನಿದೆಯೋ ಅದಾಗಲಿ.” ಆಮೇಲೆ ಮಗಳ ಕಡೆ ತಿರುಗಿ ಕನ್ನಡದಲ್ಲಿ, “ಇದನ್ನ ಅಳಿಸಕ್ಕಾಗಲ್ವೇನಮ್ಮ?” ಎಂದರು.

“ಇಲ್ಲ ಅಪ್ಪಾ. ಉಜ್ಜಿದ್ರೆ ಉಳಿದಿರೋ ಬಣ್ಣಾನೂ ಹೋಗುತ್ತೆ. ಹೀಗೇ ಇರ್ಬೇಕು.”

ಇಷ್ಟು ಹೊತ್ತೂ ಕಮಳಿಬೆನ್ ಬಂಡೆಯಿಂದ ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. “ಸಾಹೇಬ್, ಅಲ್ಲಿ ಏನು ಬರೆದಿದೆ?” ಎಂದು ಕೇಳಿದರು.

“ನನ್ನ ಹೆಸರು, ಇವಳ ಹೆಸರು, ಆ ವರ್ಷ.”

“ಅಷ್ಟೇನಾ?”

“ಅಷ್ಟೇ, ಬೆನ್.”

ಕಮಳಿಬೆನ್ ಒಮ್ಮೆ ಬಂಡೆಯನ್ನು, ಒಮ್ಮೆ ಸತ್ಯಪ್ರಕಾಶರನ್ನು ನೋಡಿದರು. “ನಾವು ಸರ್ಕಾರದ ಅಕ್ಷರ ಎಂದುಕೊಂಡಿದ್ದೆವು. ಆಗಷ್ಟೇ ಕಾಡಿನ ತುಂಬ ಸರ್ಕಾರದವರು ಅಕ್ಷರ ಕೆತ್ತಿದ ಗಡಿಕಲ್ಲು ನೆಟ್ಟಿದ್ದರು. ಇಲ್ಲಿಗೆ ಬರಬೇಡಿ ಎಂದು ಬರೆದಿರಬೇಕು ಅಂದರು ನಮ್ಮ ಅತ್ತೆ. ಓದಲು ಯಾರಿಗೂ ಬರುತ್ತಿರಲಿಲ್ಲ. ಈ ಬಂಡೆಯೇ ನಮ್ಮ ದೇವರು, ಆದರೆ ಅಂದಿನಿಂದ ನಾವು ಇದರ ಹತ್ತಿರ ದೀಪ ಇಟ್ಟಿಲ್ಲ. ಅಗೋ, ಆ ಮರದ ಕೆಳಗೇ ಇಟ್ಟು ಕೈಮುಗಿದು ಹೋಗುತ್ತೇವೆ. ಅತ್ತೆ ಸಾಯುವವರೆಗೂ ಇಲ್ಲಿಗೆ ಬರಲಿಲ್ಲ.”

ಸತ್ಯಪ್ರಕಾಶರು ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದರು. ಒಂದೂ ಬಾಯಿಗೆ ಬರಲಿಲ್ಲ. “ಬರಬೇಡಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ, ಬೆನ್,” ಎಂದರು. ಶಾಂತಾ ಹೋಗಿ ಕಮಳಿಬೆನ್ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಮಹೇಶ್‌ಭಾಯ್ ಫೈಲು ತೆರೆದು ಒಂದು ಸಾಲನ್ನು ಹೊಡೆದುಹಾಕಿದರು. “ಬೇಲಿ ಬೇಕೇ ಬೇಕು ಅಂಕಲ್, ಪಿಕ್‌ನಿಕ್‌ನವರು ಈಗಲೂ ಬರುತ್ತಾರೆ,” ಎಂದರು, ಸಿಟ್ಟಿಲ್ಲದೆ. “ಆದರೆ ಊರಿನ ಕಡೆ ಬಾಗಿಲಿಟ್ಟು ಕೀಲಿ ಕಮಳಿಬೆನ್ ಹತ್ತಿರ ಕೊಡೋಣ ಎಂದು ಬರೆಯುತ್ತೇನೆ. ಮೇಲಿನವರು ಒಪ್ಪಬೇಕು.”

ಕಮಳಿಬೆನ್ ಮೇದಿನಿಯನ್ನು ಕೇಳಿದರು, “ದೀಪ ಇಟ್ಟರೆ ನಿನ್ನ ಎತ್ತಿಗೆ ತೊಂದರೆಯೇನಮ್ಮ?”

“ಹೊಗೆ ತಾಗಿದರೆ ಕಪ್ಪಾಗುತ್ತದೆ ಕಾಕಿ. ಇಲ್ಲಿ, ಬಯಲಿನಲ್ಲಿ ಇಡಿ. ಬಂಡೆಗೆ ಎಣ್ಣೆ ಹಚ್ಚಬೇಡಿ.”

ಕಮಳಿಬೆನ್ ಒಪ್ಪಿ ತಲೆಯಾಡಿಸಿದರು. ಗುಡ್ಡದ ಅಂಚಿಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗು ಹಾಕಿದರು. ಕೆಳಗಿನಿಂದ ಮರುಕೂಗು ಬಂತು. ಸ್ವಲ್ಪ ಹೊತ್ತಿನಲ್ಲಿ ಹೂ ಆರಿಸುತ್ತಿದ್ದ ಹೆಂಗಸರು ಬುಟ್ಟಿ ಬಿಟ್ಟು ಒಬ್ಬರ ಹಿಂದೊಬ್ಬರು ಮೇಲೆ ಬಂದರು. ಮರದ ಬಳಿ ಅಭ್ಯಾಸದಂತೆ ನಿಂತುಬಿಟ್ಟರು. ಕಮಳಿಬೆನ್ ಕೈಬೀಸಿ ಕರೆದರು.

ಬಂಡೆಯ ಬಾಯಿ ಇಬ್ಬರು ನಿಲ್ಲುವಷ್ಟೇ ಅಗಲ. ಸತ್ಯಪ್ರಕಾಶರು ಹೊರಗೆ ಬಂದು, ಬೂಟುಗಳನ್ನು ಕೈಯಲ್ಲೆತ್ತಿಕೊಂಡು, ಕೊನೆಯ ಹೆಂಗಸು ಒಳಗೆ ಹೋಗುವವರೆಗೂ ಮುಳ್ಳುಪೊದೆಗೆ ಒತ್ತಿಕೊಂಡು ಪಕ್ಕಕ್ಕೆ ನಿಂತಿದ್ದರು.