ರಟ್ಟೆಗೆ ಕಟ್ಟದ ಪಟ್ಟಿ

“ಏ ಭೋಸುಡಿ, ಪಾವಟಿಗಿ ಮ್ಯಾಲ ಯಾಕ ಕುಂದ್ರಿಸಿದಿ ಅಕಿನ್ನ? ಇಳಸು ಕೆಳಗ! ಮಂದಿ ಅಡ್ಡಾಡೂದು ಬ್ಯಾಡೇನು?”

ಟಿಕೋಟಾದ ಸಂತೆ ಬೀದಿಯ ದವಾಖಾನೆಯ ಬಾಗಿಲಲ್ಲಿ ನಿಂತು ಕಂಪೌಂಡರ ಸಂಗಣ್ಣ ಕಿರುಚಿದ. ಸಾವಂತ್ರವ್ವ ತುಂಬು ಬಸುರಿ ಮಗಳು ಪರಸವ್ವನನ್ನು ಮೆಲ್ಲಗೆ ಬಿಸಿಲಿಗಿಳಿಸಿದಳು. ಗೌಡರ ಹೊಲದಲ್ಲಿ ಜೋಳ ಕೀಳುತ್ತಿದ್ದ ಅವಳು ಬೆಳಿಗ್ಗೆ ತಲೆ ಹಿಡಿದುಕೊಂಡು ಕುಸಿದಿದ್ದಳು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಕಾಲಿನ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

“ಯವ್ವಾ, ಕಣ್ಣಮುಂದ ಕಿಡಿ ಹಾರಾಕತ್ತಾವು.”

“ತಡಕೋ ನನ್ನವ್ವ.”

ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಹೊಲೆಗೇರಿಯವರನ್ನು ನೋಡುವ ರೀತಿಯೇ ಅಲ್ಲಿ ಹಾಗಿತ್ತು. ರೋಗಿ ಅಂಗಳದಲ್ಲಿ, ಡಾಕ್ಟರು ಕಿಟಕಿಯ ಹಿಂದೆ. ನಾಲಿಗೆ ಚಾಚುವುದು, ರೆಪ್ಪೆ ಎಳೆದು ತೋರಿಸುವುದು ಅವರವರ ಕೆಲಸ.

ಸಾವಂತ್ರವ್ವ ಮಗಳ ರೆಪ್ಪೆ ಎಳೆದಳು.

“ರಕ್ತಿಲ್ಲ,” ಎಂದರು ಡಾಕ್ಟರು. “ಕಬ್ಬಿಣದ ಗುಳಿಗಿ ಕೊಡು, ಸಂಗಣ್ಣ.”

“ಕೆಂಪಗ ಐತಲ್ರಿ ಯಪ್ಪಾ, ನೀವು ನೋಡೇ ಇಲ್ಲ.”

“ನಿಮ್ಮ ಕೇರ್ಯಾಗ ಯಾರಿಗೈತಿ ರಕ್ತ?” ಸಂಗಣ್ಣ ನಕ್ಕ. “ಇದ್ದಿದ್ರ ಹೊಲದಾಗ ಬಿದ್ದು ಹೊರಳ್ಯಾಡ್ತಿದ್ಲೇನು?”

ಗುಳಿಗೆಯ ಪೊಟ್ಟಣ ಮೇಲಿನಿಂದ ಅವಳ ಸೆರಗಿಗೆ ಬಿತ್ತು. ಸಾವಂತ್ರವ್ವ ಕದಲಲಿಲ್ಲ. ಗೌಡರ ಅಂಗಳ ಗುಡಿಸುತ್ತ ಅವಳು ಕಂಡಿದ್ದಳು. ಗೌಡರ ಸೊಸೆಗೂ ಬಸಿರಲ್ಲಿ ಹೀಗೇ ಮೈ ಬಾತಿತ್ತು. ಇದೇ ಡಾಕ್ಟರು ಮನೆಗೇ ಬಂದು, ರಟ್ಟೆಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ ರಕ್ತದ ಒತ್ತಡ ನೋಡಿ ಗಾಬರಿಯಾಗಿದ್ದರು. ಮೋಟಾರು ತರಿಸಿ ವಿಜಾಪುರಕ್ಕೆ ಕಳಿಸಿದ್ದರು. ತಾಯಿ, ಕೂಸು ಇಬ್ಬರೂ ಉಳಿದಿದ್ದರು.

“ಗೌಡರ ಸೊಸಿಗೆ ಕಟ್ಟಿದ್ರಲ್ರಿ, ಆ ಪಟ್ಟಿ ಇಕಿಗೂ ಕಟ್ರಿ.”

“ನಿನ್ನ ಮಗಳಿಗೆ ಕಟ್ಟಿದ್ದನ್ನ ನಾಳಿಗೆ ಗೌಡಸಾನಿ ರಟ್ಟಿಗೆ ಕಟ್ಟಬೇಕೇನು?” ಎಂದ ಸಂಗಣ್ಣ. “ಮೈಲಿಗಿ ಮಾಡಬಾರದಂತ ಕಾಯ್ದೆ ಬಂದಾಗಿಂದ ಸೊಕ್ಕು ನೋಡ ಈ ರಂಡ್ಯಾರದು!”

ಡಾಕ್ಟರು ಪೇಪರಿನ ಪುಟ ತಿರುವಿದರು.

ಪರಸವ್ವನ ಹಲ್ಲು ಕಚ್ಚಿಕೊಂಡವು. ಕೈಕಾಲು ಸೆಟೆದು ಒದ್ದಾಡಿದವು. ಬಾಯಿಂದ ರಕ್ತ ಬೆರೆತ ನೊರೆ ಇಳಿಯಿತು.

“ಗಾಳಿ ಬಡದೈತಿ, ಗುಡಿಗೆ ಒಯ್ಯಿ!” ಸಂಗಣ್ಣ ಕೂಗಿದ.

ಸಾವಂತ್ರವ್ವ ಮಗಳ ಕಂಕುಳಿಗೆ ಕೈಹಾಕಿ ಎಳೆದಳು. ಪಾವಟಿಗೆ ಹತ್ತಿಸಿದಳು. ಹೊಸ್ತಿಲು ದಾಟಿಸಿದಳು. ತಡೆಯಲು ಬಂದ ಸಂಗಣ್ಣ, ಮೈ ತಾಗೀತೆಂದು ತಾನೇ ಗೋಡೆಗೆ ಸರಿದ. ಡಾಕ್ಟರು ಎದ್ದು ನಿಂತರು. ಅವರ ಮುಂಗೈ ಹಿಡಿದು ಜಗ್ಗಿ ಬಗ್ಗಿಸಿ, ಮಗಳ ಅದುರುವ ರಟ್ಟೆಯ ಮೇಲೆ ಒತ್ತಿದಳು.

“ಮುಟ್ಟಿದ್ರಿ. ಮೈಲಿಗಿ ಆಗೂದು ಆಗಿ ಹೋತು. ಇನ್ನ ಕಟ್ರಿ.”

ಸಂಗಣ್ಣ ಬೀದಿಗಿಳಿದು ಗೌಡರ ಆಳುಗಳನ್ನು ಕೂಗುತ್ತಿದ್ದ. ಪರಸವ್ವನ ಹಿಮ್ಮಡಿ ನೆಲಕ್ಕೆ ಬಡಿಯುತ್ತಲೇ ಇತ್ತು. ಡಾಕ್ಟರು ಕೈ ಕೊಸರಿದರು. ಸಾವಂತ್ರವ್ವ ಬಿಡಲಿಲ್ಲ.