ತಡವಾಗಿ ಬಂದ ಕೆನ್ನೆ

ಎರಡೂ ಕಂಪ್ಯೂಟರ್ ಯಂತ್ರಗಳ ಬೆನ್ನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅದನ್ನು ನೋಡಿ ಖಂಫನ್‌ಗೆ ಸಮಾಧಾನವಾಗಲಿಲ್ಲ, ಸುಸ್ತಾಯಿತು. ಮೂರು ದಿನದಿಂದ ಹೀಗೇ. ಮಧ್ಯಾಹ್ನ ಎಲ್ಲ ಸರಿ. ಸಂಜೆ ಕ್ಯಾಮೆರಾ ಪರೀಕ್ಷೆಗೆ ಹಾಡುಗಾರ್ತಿ ಬಂದು ನಿಂತ ಕೂಡಲೇ ವೇದಿಕೆಯ ದೊಡ್ಡ ಪರದೆಯ ಚಿತ್ರ ನಡುವೆ ಸೀಳಿಕೊಳ್ಳುತ್ತಿತ್ತು.

ಪರದೆಯ ಎಡ ಅರ್ಧ ಒಂದು ಯಂತ್ರದ್ದು, ಬಲ ಅರ್ಧ ಇನ್ನೊಂದರದ್ದು. ಎರಡರ ಗ್ರಾಫಿಕ್ಸ್ ಕಾರ್ಡುಗಳೂ ಒಂದೇ ತಾಳಕ್ಕೆ ಚಿತ್ರ ಬಿಡಬೇಕು. ಆ ತಾಳ ಒಂದರಿಂದ ಇನ್ನೊಂದಕ್ಕೆ ಹೋಗುವುದು ಮೊಳದುದ್ದದ ತೆಳು ಕೇಬಲ್ಲಿನಲ್ಲಿ. ತಾಳ ತಪ್ಪಿದರೆ ಎಡಗೆನ್ನೆ ನಕ್ಕ ಮೇಲೆ ಬಲಗೆನ್ನೆ ನಗುತ್ತದೆ. ಅವನು ಕಾರ್ಡುಗಳ ಔಟ್‌ಪುಟ್‌ಗಳನ್ನೆಲ್ಲ ಅಳಿಸಿ ಮತ್ತೆ ಹೊಂದಿಸಿದ್ದ. ಪರದೆಗೆ ಹೋಗುವ ತಂತಿಗಳನ್ನೂ ಬದಲಿಸಿದ್ದ.

ಹಾಡಿನ ಮೇಳದ ಒಡತಿ ಪಿಕುನ್ ಬಂದು ಪಕ್ಕದಲ್ಲಿ ನಿಂತಳು.

"ಅಣ್ಣಾ, ಇವತ್ತೂ ಹರಿದ್ರೆ ನನ್ ಕೈಲೇನೂ ಇಲ್ಲ. ನಾಳೆ ಖೋನ್ ಕೇನ್ ಪಟ್ಟಣದಿಂದ ಬೇರೆ ಯಂತ್ರ ಬರುತ್ತೆ. ನಡೆಸೋರೂ ಅವರೇ."

"ನಾನು?"

"ಮನೇಲಿ ಮೊಮ್ಮಕ್ಕಳ ಜೊತೆ ಅಂಟನ್ನ ಉಂಡ್ಕೊಂಡು ಇರಿ." ಅವಳು ನಗಲು ನೋಡಿದಳು. "ನೀವು ವೇದಿಕೆ ಹಿಂದಿನ ಬಟ್ಟೆ ಮೇಲೆ ಅರಮನೆ ಬರೀತಿದ್ದಾಗ ಒಂದಿನಾನೂ ಹರೀಲಿಲ್ಲ ನೋಡಿ."

ಅವಳು ಹೋದಳು. ಖಂಫನ್ ಯಂತ್ರಗಳ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ಎರಡರ ನಡುವಿನ ಆ ತೆಳು ಕೇಬಲ್ಲಿನ ಮೇಲೆ ನಿನ್ನೆಯ ಮಲ್ಲಿಗೆ ಮಾಲೆ ಒಣಗಿ ಕಂದಾಗಿತ್ತು. ಮೇಳದಲ್ಲಿ ಹೂವಿಲ್ಲದ ವಸ್ತುವೇ ಇರಲಿಲ್ಲ. ಡೋಲಿಗೆ ಹೂವು, ಮೈಕಿಗೆ ಹೂವು.

ಹಿರಿಯ ಹಾಡುಗಾರ್ತಿ ಬುವಾಲಾ ಬಣ್ಣ ಹಚ್ಚಿಕೊಂಡೇ ಬಂದಳು. ಕೈಯಲ್ಲಿ ಆಗತಾನೆ ನೀರಲ್ಲಿ ಅದ್ದಿದ ದಪ್ಪ ಮಾಲೆ.

"ಸರಿಹೋಯ್ತೇನೋ ಮಗಾ?"

"ಈಗ ಸರಿಯಿದೆ, ಅಮ್ಮ."

"ನಿನ್ನೆ ಈ ಹೊತ್ತಿಗೂ ಇದೇ ಅಂದೆ. ಹೊಸ ಯಂತ್ರ ತಂದ್ರಿ, ಗುರುವಂದನೆ ಮಾಡ್ದೆ ಸ್ವಿಚ್ ಒತ್ತಿದ್ರಿ. ಸಿಟ್ಟು ಬರಲ್ವಾ ಅದಕ್ಕೆ? ಮೂರು ದಿನದಿಂದ ನಾನೇ ಮಾಲೆ ಹಾಕ್ತಾ ಇದೀನಿ. ಇವತ್ತು ಎರಡರಷ್ಟು ಕಟ್ಟಿದೀನಿ ನೋಡು."

ಒಣಗಿದ್ದನ್ನು ತೆಗೆದು, ಒದ್ದೆ ಮಾಲೆಯನ್ನು ಕೇಬಲ್ಲಿಗೆ ತೂಗುಹಾಕಿದಳು. ಕೇಬಲ್ ಜೋತುಬಿತ್ತು. ಅದರ ತುದಿಯಲ್ಲಿ ಪ್ಲಗ್ಗನ್ನು ಹಿಡಿದಿಡುವ ಕೊಂಡಿ ಮುರಿದಿತ್ತು, ಪ್ಲಗ್ ಒಂದು ಕಡೆಗೆ ವಾಲಿತು. ಹಸಿರು ದೀಪ ಎರಡು ಸಲ ಮಿಣುಕಿ ಕೆಂಪಾಯಿತು.

ಖಂಫನ್ ಬಾಯಿ ತೆರೆದ. ಸಂಜೆಯ ಹೂವಿಗೆ ಭಾರವಿತ್ತು. ಮಾರನೆಯ ಮಧ್ಯಾಹ್ನ ಅವನು ಹುಡುಕಲು ಕೂರುವ ಹೊತ್ತಿಗೆ ಅದು ಒಣಗಿ ಹಗುರಾಗಿರುತ್ತಿತ್ತು.

ಬುವಾಲಾ ಕಣ್ಣು ಮುಚ್ಚಿ ಕೈಮುಗಿದಿದ್ದಳು. "ಇವನ ಅನ್ನ ಕಿತ್ಕೋಬೇಡ್ರಪ್ಪಾ. ಹದಿನೆಂಟು ವರ್ಷ ನನ್ನ ಬೆನ್ನ ಹಿಂದೆ ಆಕಾಶ ಬರೆದೋನು ಇವನೇ."

ಅವನು ಬಾಯಿ ಮುಚ್ಚಿಕೊಂಡ.

"ಅಮ್ಮಾ, ಕ್ಯಾಮೆರಾ ಮುಂದೆ ಬನ್ನಿ!" ವೇದಿಕೆಯಿಂದ ಪಿಕುನ್ ಕೂಗಿದಳು.

ಬುವಾಲಾ ಕಣ್ಣು ತೆರೆಯುವ ಮೊದಲೇ ಖಂಫನ್ ದೀಪಕ್ಕೆ ಬೆನ್ನು ಅಡ್ಡ ಕೊಟ್ಟಿದ್ದ. "ಹೋಗಿ ಅಮ್ಮ. ಇವತ್ತು ಆಗುತ್ತೆ."

ಅವಳು ಅತ್ತ ತಿರುಗಿದ ಮೇಲೆ ಮಾಲೆಯನ್ನು ಎತ್ತಿಕೊಂಡ, ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ದೀಪ ಹಸಿರಾಯಿತು. ಹಾಡು ಶುರುವಾಯಿತು.

"ಅಣ್ಣಾ, ಮುಖ ಒಂದೇ ಇದೆ!" ಪಿಕುನ್ ಓಡಿ ಬಂದಳು. "ಏನಾಗಿತ್ತು?"

"ಕೊಂಡಿ ಮುರಿದಿತ್ತು. ನಾನೇ ನೋಡಿರಲಿಲ್ಲ."

"ಇಷ್ಟೇನಾ? ಮೂರು ದಿನ?"

ಅವನು ತಲೆಯಾಡಿಸಿದ. ಅವಳು ಅವನ ಕೈಯಲ್ಲಿದ್ದ ಹೂವನ್ನು ನೋಡಿದಳು, ಅಂಟುಪಟ್ಟಿ ತರಲು ಹೋದಳು.

ನೆಲದ ಹಲಗೆಯ ಮೇಲೆ ಕಾಲಾಡುವ ಜನ. ಅರ್ಪಿಸಿದ ಮಾಲೆಯನ್ನು ಅಲ್ಲಿಡುವಂತಿರಲಿಲ್ಲ. ಪರದೆಯ ಹಿಂಬದಿಯಿಂದ ಅವನಿಗೆ ಮುಖ ಕಾಣುತ್ತಿರಲಿಲ್ಲ, ಕಬ್ಬಿಣದ ಚೌಕಟ್ಟು, ತಂತಿಗಳು ಅಷ್ಟೇ. ಅವನು ಒಂದು ಹೆಬ್ಬೆರಳಲ್ಲಿ ಪ್ಲಗ್ಗನ್ನು ಒತ್ತಿ, ಇನ್ನೊಂದು ಕೈಯಲ್ಲಿ ಮಾಲೆಯನ್ನು ಎತ್ತಿ ಹಿಡಿದೇ ಕುಳಿತಿದ್ದ. ಹಾಡು ಮುಗಿಯುವವರೆಗೂ ನೀರು ಮೊಣಕೈಯಿಂದ ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು.